ಹಾರ್ನ್ ಯಾರ ಮನೆ ಕಡೆ?

ಹೋದ ತಿಂಗಳು ಗಣೇಶನ ಪೆಂಡಾಲಿಗೆ ಕರೆಂಟ್ ಎಳೆಯುವಾಗ ಏನೇನು ನೋಡಿಕೊಳ್ಳಬೇಕು ಅಂತ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಕರೆಂಟಿನ ಮಾತೇ ಇಲ್ಲ. ಎಲ್ಲಾ ಸೌಂಡಿನದೇ. ಅರ್ಧ ಜನ ನಿದ್ದೆ ಇಲ್ಲ ಅಂತಾರೆ, ಇನ್ನರ್ಧ ಜನ ಹಬ್ಬ ಮಾಡೋಕೆ ಬಿಡ್ತಿಲ್ಲ ಅಂತಾರೆ. ಹಾಗಾಗಿ ಈ ಸಲ ಪೂರ್ತಿ ಜಾಗ ಇದಕ್ಕೇ.

ಹೊಸದಾಗಿ ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನಾನು ವಕೀಲ ಅಲ್ಲ. ಕಡೂರಿನಲ್ಲಿ 1984ರಿಂದ 31 ವರ್ಷ ಮೈಕ್‌ಸೆಟ್ ಅಂಗಡಿ ಇಟ್ಟಿದ್ದವನು. ಜಾತ್ರೆ, ಉರುಸ್, ಮದುವೆ, ತಿಥಿ, ನಾಟಕ, ಚುನಾವಣೆ, ಎಲ್ಲಕ್ಕೂ ಹಾರ್ನ್ (ಕಹಳೆಯಂಥ ಲೌಡ್‌ಸ್ಪೀಕರ್) ಕಟ್ಟಿದ್ದೇನೆ. ಈಗ ಎಡಗಿವಿಯಲ್ಲಿ ಹಗಲೂ ರಾತ್ರಿ ಗುಂಯ್ ಅನ್ನುತ್ತದೆ. ಈ ಕೇಸಿನಲ್ಲಿ ನಾನು ಆರೋಪಿಯೂ ಹೌದು, ದೂರು ಕೊಟ್ಟವನೂ ಹೌದು.

ಪ್ರಶ್ನೆ: ಅಂಕಲ್, ನಮ್ಮ ಮನೆಯಿಂದ ಮೂರು ಮನೆ ಆಚೆ ಗಣಪತಿ ಕೂರಿಸುತ್ತಾರೆ. ಸಂಜೆ ಆರಕ್ಕೆ ಡಿಜೆ ಶುರುವಾದರೆ ಅಡುಗೆಮನೆ ಅಟ್ಟದ ಮೇಲೆ ಸ್ಟೀಲ್ ಡಬ್ಬಿಗಳು ಅಲುಗುತ್ತವೆ. ಅತ್ತೆಗೆ ಹಾರ್ಟ್ ಆಪರೇಷನ್ ಆಗಿದೆ. ಹೇಳಲು ಹೋದರೆ "ಪರ್ಮಿಶನ್ ಇದೆ ಅಕ್ಕಾ, ಹತ್ತು ಗಂಟೆ ತನಕ ಯಾರೂ ಕೇಳಂಗಿಲ್ಲ" ಎಂದರು. ಫೋನಿನಲ್ಲಿ ಸೌಂಡ್ ಅಳೆಯುವ ಆ್ಯಪ್ ಹಾಕಿ ನಮ್ಮ ಹಾಲಿನಲ್ಲಿ ನೋಡಿದೆ. 68 ತೋರಿಸಿತು. ಅಷ್ಟೇನಾ ಅನ್ನಿಸಿತು. ನಾನೇ ಜಾಸ್ತಿ ಮಾಡುತ್ತಿದ್ದೇನಾ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಇಲ್ಲಮ್ಮ, ಜಾಸ್ತಿ ಮಾಡುತ್ತಿಲ್ಲ. ಡಬ್ಬಿ ಅಲುಗಿದ್ದು ನಿಜ ತಾನೇ? ಡಬ್ಬಿಗಳಿಗೆ ಗಣಪತಿ ಕಮಿಟಿ ಮೇಲೆ ದ್ವೇಷ ಇರೋದಿಲ್ಲ.

ಮೊದಲು ಆ "ಹತ್ತು ಗಂಟೆ" ವಿಷಯ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಮೈಕ್ ಹಾಕುವಂತಿಲ್ಲ ಅನ್ನೋದು ಎಲ್ಲರಿಗೂ ಬಾಯಿಪಾಠ. ಅದು ಅರ್ಧ ನಿಯಮ ಅಷ್ಟೇ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲಿ ಇನ್ನರ್ಧ ಇದೆ. ಅದನ್ನು ಓದಿದ ಕಮಿಟಿಯವರನ್ನು ನಾನಂತೂ ಕಂಡಿಲ್ಲ. ಜನ ವಾಸ ಮಾಡುವ ಜಾಗದಲ್ಲಿ ಹಗಲು 55 ಡೆಸಿಬಲ್ (ಸದ್ದಿನ ಅಳತೆ), ರಾತ್ರಿ 45. ಇವರ ಲೆಕ್ಕದಲ್ಲಿ ಹಗಲು ಅಂದರೆ ಬೆಳಿಗ್ಗೆ 6ರಿಂದ ರಾತ್ರಿ 10. ಸಾರ್ವಜನಿಕ ಜಾಗದಲ್ಲಿ ಮೈಕ್ ಹಾಕಿದರೆ ಆ ಜಾಗದ ಗಡಿಯಲ್ಲಿ ಇದಕ್ಕಿಂತ 10 ಜಾಸ್ತಿ ಬರಬಹುದು, ಇಲ್ಲವೇ 75. ಎರಡರಲ್ಲಿ ಯಾವುದು ಕಡಿಮೆಯೋ ಅದು. ಅಂದರೆ ನಿಮ್ಮ ಬೀದಿಗೆ 65. ಅದೂ ಪೆಂಡಾಲಿನ ಜಾಗದ ಅಂಚಿನಲ್ಲಿ ನಿಂತು ಅಳೆದಾಗ. ನಿಮಗೆ 68 ಬಂದಿರುವುದು ಮೂರು ಮನೆ ದಾಟಿ, ಗೋಡೆ ದಾಟಿ, ಹಾಲಿನೊಳಗೆ.

65 ಅಂದರೆ ಎಷ್ಟು ಅಂತ ಕೇಳಬಹುದು. ಇಬ್ಬರು ಎದುರುಬದುರು ಕೂತು ಮಾತಾಡಿದರೆ ಹೆಚ್ಚುಕಡಿಮೆ 60. ಸ್ವಲ್ಪ ಗಂಟಲು ಏರಿಸಿದರೆ 65. ನಿಜ ಹೇಳಬೇಕೆಂದರೆ ನಾನು ಕಟ್ಟಿದ ಒಂದು ಪೆಂಡಾಲೂ ಈ ಪರೀಕ್ಷೆಯಲ್ಲಿ ಪಾಸಾಗುತ್ತಿರಲಿಲ್ಲ. ಪೊಲೀಸರು ಗಡಿಯಾರ ನೋಡಿಕೊಂಡು ಬರುತ್ತಾರೆ, ಮೀಟರ್ ಹಿಡಿದುಕೊಂಡು ಬರುವುದು ಅಪರೂಪ. ಹಾಗಾಗಿ 9:59ರವರೆಗೆ ಏನು ಬೇಕಾದರೂ ಮಾಡಬಹುದು ಅಂತ ಜನ ನಂಬಿಬಿಟ್ಟಿದ್ದಾರೆ.

ಇನ್ನು ಆ್ಯಪ್. ಇದು ನನ್ನ ಕಸುಬಿನ ಮಾತು, ಸ್ವಲ್ಪ ನಿಧಾನವಾಗಿ ಓದಿ. ಡೆಸಿಬಲ್ ಮೀಟರಿನಲ್ಲಿ ಎ, ಸಿ ಅಂತ ಬೇರೆ ಬೇರೆ ಲೆಕ್ಕ ಇರುತ್ತದೆ. ಕಾನೂನು ಹೇಳುವುದು ಎ ಲೆಕ್ಕ. ನಮ್ಮ ಕಿವಿ ಸಣ್ಣ ಸದ್ದಿನಲ್ಲಿ ಬೇಸನ್ನು (ಧಡ್ ಧಡ್ ಅನ್ನುವ ತಗ್ಗು ಸ್ವರವನ್ನು) ಅಷ್ಟಾಗಿ ಹಿಡಿಯುವುದಿಲ್ಲ ಅನ್ನುವ ಕಾರಣಕ್ಕೆ ಎ ಲೆಕ್ಕದಲ್ಲಿ ಬೇಸನ್ನು ಕಡಿತ ಮಾಡುತ್ತಾರೆ. 50 ಹರ್ಟ್ಸ್‌ನ ಬೇಸ್ 90 ಡೆಸಿಬಲ್ ಇದ್ದರೆ ಎ ಲೆಕ್ಕದಲ್ಲಿ ಬರುವುದು 60. ಪೂರ್ತಿ 30 ಮಾಯ! ಆದರೆ ಅದೇ ಬೇಸಿನ ಅಲೆ ಸುಮಾರು 7 ಮೀಟರ್ ಉದ್ದ. ಇಟ್ಟಿಗೆ ಗೋಡೆ, ಕಿಟಕಿ ಗಾಜು ಅದಕ್ಕೆ ಲೆಕ್ಕಕ್ಕೇ ಇಲ್ಲ. ಹಾಡಿನ ಮಾತು ಗೋಡೆ ಹತ್ತಿರ ನಿಂತುಕೊಳ್ಳುತ್ತದೆ, ಧಡ್ ಧಡ್ ಮಾತ್ರ ಒಳಗೆ ಬರುತ್ತದೆ. ನಿಮ್ಮ ಅತ್ತೆಯವರ ಎದೆಗೆ ಬಡಿಯುತ್ತಿರುವುದು ಅದು. ಆ್ಯಪಿನಲ್ಲಿ ಸಿ ಅನ್ನುವ ಆಯ್ಕೆ ಇದ್ದರೆ ಹಾಕಿ ನೋಡಿ. 68 ಇದ್ದದ್ದು 85ಕ್ಕೆ ಹಾರಿದರೆ ಕಾಟ ಕೊಡುತ್ತಿರುವುದು ಬೇಸ್ ಅಂತ ಖಾತ್ರಿ. ಫೋನಿನ ಅಳತೆ ಅಂದಾಜಿಗೆ ಮಾತ್ರ, ಅದನ್ನೇ ಹಿಡಿದುಕೊಂಡು ಕೋರ್ಟಿಗೆ ಹೋಗಬೇಡಿ.

ಈಗ ಮಾಡುವುದೇನು? 112ಕ್ಕೆ ಫೋನ್ ಮಾಡಬಹುದು, ಮಾಡಿ. ಆದರೆ ಅದಕ್ಕೆ ಮೊದಲು ಒಂದು ಕೆಲಸ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಪೆಂಡಾಲಿಗೆ ಹೋಗಿ. ರಾತ್ರಿ ಹೋಗಬೇಡಿ, ಆಗ ಹುಡುಗರ ಗುಂಪಿನಲ್ಲಿ ಯಾರೂ ಸೋಲೊಪ್ಪುವುದಿಲ್ಲ. ಅಧ್ಯಕ್ಷರನ್ನೂ ಕೇಳಬೇಡಿ. ಸೌಂಡ್‌ನವನು ಯಾರು ಅಂತ ಕೇಳಿ. ಅವನು ಎಲ್ಲೋ ಬಾಕ್ಸ್ ಹಿಂದೆ ಮಲಗಿರುತ್ತಾನೆ. ಎಬ್ಬಿಸಿ. ಬೇಸ್ ಬಾಕ್ಸ್ ನಿಮ್ಮ ಗೋಡೆ ಸಾಲಿನಿಂದ ಆಚೆ ಸರಿಸಲು, ಬೇಸಿನ ನಾಬ್ ಮಾತ್ರ ಇಳಿಸಲು ಹೇಳಿ. ಹಾಡು ಹಾಗೇ ಇರಲಿ. ಕುಣಿಯುವವರಿಗೆ ಸ್ವಲ್ಪ ಸಪ್ಪೆ ಅನ್ನಿಸಬಹುದು, ನಿಮ್ಮ ಮನೆಗೆ ಭೂಮಿ ಆಕಾಶದ ವ್ಯತ್ಯಾಸ.

ಸೌಂಡ್‌ನವನನ್ನೇ ಯಾಕೆ ಹಿಡಿಯಬೇಕು ಅಂತ ನನಗೆ ಗೊತ್ತು. 90ರ ದಶಕದಲ್ಲಿ ಒಂದು ಸಲ ಗಣಪತಿಗೆ ನಾಲ್ಕು ಹಾರ್ನ್ ಕಟ್ಟಿದ್ದೆ. ಒಂದು ಲೈಟ್ ಕಂಬದ ಮೇಲೆ, ಎದುರಿಗೆ 15 ಅಡಿ ದೂರದಲ್ಲಿ ಒಂದು ಹೆಂಚಿನ ಮನೆಯ ಕಿಟಕಿ. ಆ ಮನೆಯ ತಾಯಿ ಬಂದು ಮಗಳು ಬಾಣಂತಿ, ಕೂಸಿಗೆ 12 ದಿನ ಅಂದರು. ಕಮಿಟಿಯವರು "ಇನ್ನೊಂದೇ ಹಾಡು ಕಣಮ್ಮ" ಅಂದರು. ಆಯಮ್ಮ ನನ್ನ ಕಡೆ ತಿರುಗಿದರು. ನಾನು ಬಾಡಿಗೆಗೆ ಬಂದವನು, ಅವರನ್ನೇ ಕೇಳಿ ಅಂದೆ. ಹಾಗಂತ ಎಷ್ಟು ಸಲ ಎಷ್ಟು ಜನಕ್ಕೆ ಅಂದಿದ್ದೆನೋ. ಆಯಮ್ಮ ಏನೂ ಅನ್ನಲಿಲ್ಲ. ಒಂದು ಸಲ ಹಾರ್ನ್ ನೋಡಿದರು, ಹೋದರು. ಅವತ್ತು ರಾತ್ರಿ ಎಲ್ಲಾ ಮಲಗಿದ ಮೇಲೆ ಕಂಬ ಹತ್ತಿ ಆ ಹಾರ್ನಿನ ಯೂನಿಟ್‌ನಿಂದ (ಹಿಂದೆ ಸದ್ದು ಹುಟ್ಟಿಸುವ ಭಾಗದಿಂದ) ಒಂದು ವೈರ್ ಬಿಚ್ಚಿ, ಟೇಪ್ ಸುತ್ತಿ ಇಳಿದೆ. ಹಾರ್ನ್ ಇತ್ತು, ಸದ್ದು ಇಲ್ಲ. ವಿಸರ್ಜನೆ ದಿನದ ತನಕ ಒಬ್ಬರಿಗೂ ಗೊತ್ತಾಗಲಿಲ್ಲ. ದುಡ್ಡು ಕೊಡುವಾಗ ಅಧ್ಯಕ್ಷರು "ಈ ವರ್ಷ ಸೌಂಡ್ ಭಾರಿ ಚೆನ್ನಾಗಿತ್ತು" ಅಂದರು.

ಇದ್ಯಾವುದೂ ಆಗದಿದ್ದರೆ ಬರವಣಿಗೆಯಲ್ಲಿ ದೂರು ಕೊಡಿ. ತಾರೀಖು, ಗಂಟೆ, ಎಷ್ಟು ಹೊತ್ತು, ಎಲ್ಲಾ ಬರೆಯಿರಿ. ಕರ್ನಾಟಕದಲ್ಲಿ ಈ ನಿಯಮಗಳನ್ನು ನೋಡಿಕೊಳ್ಳುವ ಅಧಿಕಾರ ಡಿವೈಎಸ್‌ಪಿ ದರ್ಜೆ ಮತ್ತು ಅದಕ್ಕೆ ಮೇಲಿನವರದ್ದು. ಹಾಗಾಗಿ ಅರ್ಜಿಯಲ್ಲಿ ಅವರ ಹೆಸರಿಗೇ ಬರೆದು ಸೀಲ್ ಹಾಕಿಸಿಕೊಳ್ಳಿ. ಹಬ್ಬ ಮುಗಿದ ಮೇಲೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಆ ಪರ್ಮಿಶನ್ ಕಾಗದದ ನಕಲು ಕೇಳಿ. ಅದರಲ್ಲಿ ಡೆಸಿಬಲ್ ಷರತ್ತು ಇದ್ದರೆ ಮುಂದಿನ ವರ್ಷ ಜೆರಾಕ್ಸ್ ಮಾಡಿಸಿ ಕಮಿಟಿಯವರ ಕೈಗೆ ಮುಂಚೆಯೇ ಕೊಡಬಹುದು. "ಪರ್ಮಿಶನ್ ಇದೆ" ಅಂದವರಿಗೆ ಆ ಪರ್ಮಿಶನ್ ಓದಿಸುವುದರಲ್ಲಿ ಒಂದು ಮಜಾ ಇದೆ.

ಪ್ರಶ್ನೆ: ಮನೆ ಹಿಂದೆ ಕಲ್ಯಾಣ ಮಂಟಪ ಇದೆ. ರಿಸೆಪ್ಷನ್ ಆರ್ಕೆಸ್ಟ್ರಾ ರಾತ್ರಿ 11 ದಾಟುತ್ತದೆ. ಕೇಳಿದರೆ "ನಮ್ಮದು ಒಳಾಂಗಣ, ನಮಗೆ ಟೈಮ್ ಇಲ್ಲ" ಅಂತಾರೆ.
(ಓದುಗರೊಬ್ಬರು, ಮೈಸೂರು)

ಉತ್ತರ: ಮುಚ್ಚಿದ ಹಾಲ್‌ನಲ್ಲಿ, ಒಳಗಿದ್ದವರಿಗೆ ಕೇಳಿಸಲು ಮಾತ್ರ ರಾತ್ರಿ ಮೈಕ್ ಹಾಕಬಹುದು. ಒಳಗಿನದು ಒಳಗೇ ಇರಬೇಕು. ಖಾಸಗಿ ಜಾಗದ ಗಡಿಯಲ್ಲಿ ಆ ಪ್ರದೇಶದ ಮಿತಿಗಿಂತ 5 ಡೆಸಿಬಲ್ ಮಾತ್ರ ಜಾಸ್ತಿ ಬಿಡುತ್ತಾರೆ. ನಿಮ್ಮದು ವಾಸದ ಬಡಾವಣೆಯಾದರೆ ರಾತ್ರಿ 45ಕ್ಕೆ 5 ಸೇರಿಸಿ 50. ನಾಲ್ಕೂ ಬಾಗಿಲು ತೆರೆದು, ಹೊರಗೆ ಲಾನ್‌ನಲ್ಲಿ ಊಟ ಹಾಕಿ, ಅಲ್ಲೂ ಒಂದು ಬಾಕ್ಸ್ ಇಟ್ಟರೆ ಅದು ಯಾವ ಸೀಮೆ ಒಳಾಂಗಣ? ಇನ್ನೊಂದು ವಿಷಯ, ವರಪೂಜೆ ಮೆರವಣಿಗೆ ಮಂಟಪದ ಗೇಟಿಗೆ ಬಂದಾಗ ಸರ ಪಟಾಕಿ ಹಚ್ಚುತ್ತಾರಲ್ಲ, 10 ಗಂಟೆ ಮೇಲೆ ಸದ್ದಿನ ಪಟಾಕಿಗೂ ಅವಕಾಶ ಇಲ್ಲ. ಮಂಟಪದ ಮ್ಯಾನೇಜರಿಗೆ ಇದೆಲ್ಲ ಚೆನ್ನಾಗಿ ಗೊತ್ತಿರುತ್ತದೆ. ಅವರಿಗೆ ಬೇಕಿರುವುದು ನೀವು ಮರೆಯುವುದು.

ಪ್ರಶ್ನೆ: ಬೆಳಗಿನ ಜಾವ ಐದಕ್ಕೆ ಒಂದು ಕಡೆಯಿಂದ ಆಜಾನ್. ಅದಕ್ಕೆ ಪೈಪೋಟಿ ಅಂತ ಹೋದ ವರ್ಷದಿಂದ ಇನ್ನೊಂದು ಕಡೆ ಸುಪ್ರಭಾತ. ನಾನು ನಿವೃತ್ತ ಶಿಕ್ಷಕ, ಎರಡಕ್ಕೂ ನನಗೆ ಗೌರವ ಇದೆ, ಆದರೆ ನಿದ್ದೆ ಇಲ್ಲ. ಕಾನೂನು ಯಾರ ಕಡೆ?
(ಓದುಗರೊಬ್ಬರು, ರಾಣೆಬೆನ್ನೂರು)

ಉತ್ತರ: ಮೇಷ್ಟ್ರೇ, ನಿಮ್ಮ ನಿದ್ದೆಯ ಕಡೆ. 6 ಗಂಟೆಗೆ ಮೊದಲು ಹೊರಗಿನ ಮೈಕ್ ಇಬ್ಬರದ್ದೂ ಇರುವಂತಿಲ್ಲ. 6 ಆದ ಮೇಲೂ ಲಿಖಿತ ಅನುಮತಿ ಬೇಕು, ಸದ್ದು ಮಿತಿಯೊಳಗಿರಬೇಕು. ನಿಯಮದಲ್ಲಿ ದೇವಸ್ಥಾನ, ಮಸೀದಿ, ಚರ್ಚ್ ಅಂತ ಬೇರೆ ಬೇರೆ ಕಾಲಂ ಇಲ್ಲ. 2000ದಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಮದ್ರಾಸಿನ ಕೇಸಿನಲ್ಲಿ ಚರ್ಚಿನ ಮೈಕ್ ಮತ್ತು ಡ್ರಮ್ ವಿರುದ್ಧ ಬಡಾವಣೆಯವರು ಹೋಗಿದ್ದರು. ಬೇರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥನೆ ಮಾಡಿ ಅಂತ ಯಾವ ಧರ್ಮವೂ ಹೇಳುವುದಿಲ್ಲ ಎಂದಿತ್ತು ಕೋರ್ಟು. 2022ರ ಮೇ ತಿಂಗಳಲ್ಲಿ ನಮ್ಮ ರಾಜ್ಯ ಸರ್ಕಾರವೂ ಅನುಮತಿ ಇಲ್ಲದ ಮೈಕ್ ತೆಗೆಯಬೇಕು ಅಂತ ಸುತ್ತೋಲೆ ಹೊರಡಿಸಿತು. ಅದು ಎಲ್ಲರಿಗೂ ಸೇರಿ.

ನಾನು ಎರಡೂ ಕಡೆ ಹಾರ್ನ್ ಕಟ್ಟಿದ್ದೇನೆ. ಒಂದೇ ಕಂಪನಿ ಹಾರ್ನ್, ಒಂದೇ ಯೂನಿಟ್, ಒಂದೇ ರೇಟು. ಸಿಡಿಲಿಗೆ ಯೂನಿಟ್ ಸುಟ್ಟರೆ ಇಬ್ಬರೂ ಒಂದೇ ದಿನ ಅಂಗಡಿಗೆ ಬಂದು ಒಂದೇ ಬೆಂಚಿನ ಮೇಲೆ ಕೂರುತ್ತಿದ್ದರು. ಪೈಪೋಟಿ ಇದ್ದದ್ದು ಹಾರ್ನ್ ಎತ್ತರದಲ್ಲಿ. ಅವರು 30 ಅಡಿಗೆ ಕಟ್ಟಿದರೆ ಇವರಿಗೆ 35 ಬೇಕು. ಇಬ್ಬರಿಗೂ ಒಂದು ಮಾತು ಹೇಳುತ್ತಿದ್ದೆ: ಒಳಗೆ ನಾಲ್ಕು ಸಣ್ಣ ಬಾಕ್ಸ್ ಹಾಕಿಕೊಳ್ಳಿ, ಬಂದವರಿಗೆ ಮಾತು ಸ್ಪಷ್ಟವಾಗಿ ಕೇಳುತ್ತದೆ. ಕೇಳಿಸಿಕೊಂಡು ತಲೆ ಆಡಿಸುತ್ತಿದ್ದರು. ಹಾರ್ನ್ ತಗೊಂಡು ಹೋಗುತ್ತಿದ್ದರು.

ಪ್ರಶ್ನೆ: ಅಣ್ಣಾ, ನಮ್ಮೂರಲ್ಲಿ ವರ್ಷಕ್ಕೊಂದು ಪೌರಾಣಿಕ ನಾಟಕ ಆಡುತ್ತೇವೆ. ಮೂರು ತಿಂಗಳು ಹಾರ್ಮೋನಿಯಂ ಮೇಷ್ಟ್ರಿಗೆ ದುಡ್ಡು ಕೊಟ್ಟು ಕಲಿತಿದ್ದೇವೆ. ಹೋದ ಸಲ ದುರ್ಯೋಧನ ಸ್ಟೇಜಿಗೆ ಬರುವ ಹೊತ್ತಿಗೆ ಜೀಪ್ ಬಂತು, ಮೈಕ್ ಬಂದ್. ಅದೇ ವಾರ ಪಕ್ಕದ ಟೌನಿನಲ್ಲಿ ದೊಡ್ಡವರೊಬ್ಬರ ಹುಟ್ಟುಹಬ್ಬದ ಆರ್ಕೆಸ್ಟ್ರಾ 11:30ರ ತನಕ ನಡೆಯಿತು. ಇದು ನ್ಯಾಯಾನಾ? ಮೈಕ್ ಇಲ್ಲದೆ ಬರೀ ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ಆಡಿದರೆ ತಡೆಯೋಕೆ ಆಗುತ್ತಾ?
(ಕಲಾ ಸಂಘದ ಕಾರ್ಯದರ್ಶಿ, ತುರುವೇಕೆರೆ ತಾಲ್ಲೂಕು)

ಉತ್ತರ: ನ್ಯಾಯ ಅಲ್ಲ ತಮ್ಮಾ. ನಿಯಮ ಎಲ್ಲರಿಗೂ ಒಂದೇ, ಜೀಪ್ ಬರುವುದು ಮಾತ್ರ ಎಲ್ಲರ ಹತ್ತಿರ ಅಲ್ಲ. ಇದನ್ನು ನಾನು ಮೂವತ್ತು ವರ್ಷ ನೋಡಿದ್ದೇನೆ. ಚುನಾವಣೆ ಭಾಷಣ 10:20ಕ್ಕೆ ಮುಗಿದರೆ ಪೇದೆ ಸಲ್ಯೂಟ್ ಹೊಡೆಯುತ್ತಿದ್ದ. ಹರಿಕಥೆ 10:05ಕ್ಕೆ ನಡೆಯುತ್ತಿದ್ದರೆ ನನ್ನ ಆಂಪ್ಲಿಫೈಯರಿನ ಫ್ಯೂಸ್ ಕಿತ್ತುಕೊಂಡು ಹೋಗುತ್ತಿದ್ದ. ಮಾರನೇ ದಿನ ಸ್ಟೇಷನ್ನಿಗೆ ಹೋಗಿ ಫ್ಯೂಸ್ ಬಿಡಿಸಿಕೊಂಡು ಬರುವುದು ನನ್ನ ಕೆಲಸ.

ನಿಯಮದ ಒಳಗೇ ಎರಡು ಮೂರು ಕಡೆ ತೂಕ ಸರಿ ಇಲ್ಲ ಅಂತ ನನಗನ್ನಿಸುತ್ತದೆ. ಮುಚ್ಚಿದ ಹಾಲ್ ಇದ್ದವರಿಗೆ ರಾತ್ರಿ ಅವಕಾಶ ಉಂಟು. ಏಸಿ ಹಾಲ್ ಹಿಡಿಯುವಷ್ಟು ದುಡ್ಡಿದ್ದವರು ಬಾಗಿಲು ಹಾಕಿಕೊಂಡು ಮಧ್ಯರಾತ್ರಿವರೆಗೆ ಹಾಡಬಹುದು. ಗದ್ದೆ ಬಯಲಲ್ಲಿ ಚಪ್ಪರ ಹಾಕಿದ ನಿಮಗೆ ಬಾಗಿಲೇ ಇಲ್ಲ. ಎರಡನೆಯದು, ಮೇಲೆ ದಾವಣಗೆರೆಯವರಿಗೆ ಹೇಳಿದ ಎ ಲೆಕ್ಕ. ಬೇಸ್ ಬಡಿಯುವ ಡಿಜೆ ಮೀಟರಿನಲ್ಲಿ ತಗ್ಗಿ ಕೂರುತ್ತದೆ. ಮನುಷ್ಯನ ದನಿ, ಹಾರ್ಮೋನಿಯಂ ಇರುವ ಜಾಗದಲ್ಲಿ ಕಡಿತ ಬಹಳ ಕಡಿಮೆ, ಹೆಚ್ಚುಕಡಿಮೆ ಪೂರ್ತಿ ಬೀಳುತ್ತದೆ. ಗೋಡೆ ನಡುಗಿಸುವವನಿಗೆ ರಿಯಾಯಿತಿ, ಕಂದಪದ್ಯ ಹಾಡುವವನಿಗೆ ಇಲ್ಲ.

ಮೂರನೆಯದು ವಿನಾಯಿತಿಯ ಲೆಕ್ಕ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳಿಗೆ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ 10ರಿಂದ 12ರವರೆಗೆ ರಾಜ್ಯ ಸರ್ಕಾರ ಅವಕಾಶ ಕೊಡಬಹುದು. 2005ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿತು. ಆದರೆ ಈ 15 ದಿನಗಳು ದೊಡ್ಡ ದೊಡ್ಡ ಹಬ್ಬಗಳಿಗೇ ಸಾಲುವುದಿಲ್ಲ. ರಾಗಿ ಕಣ ಮುಗಿದು ಕೈ ಖಾಲಿಯಾದ ಮೇಲೆ ನೀವು ಇಟ್ಟುಕೊಂಡ ಶನಿವಾರ ಅದರಲ್ಲಿ ಎಲ್ಲಿ ಬರಬೇಕು? ಇನ್ನು 12ರ ಮೇಲೆ ಆಡಿಸಲು ಸರ್ಕಾರಕ್ಕೂ ಅಧಿಕಾರ ಇಲ್ಲ. ಹಾಗಾಗಿ ಬೆಳತನಕ ನಾಟಕ ಅನ್ನುವುದು ಕಾನೂನಿನ ಪುಸ್ತಕದಲ್ಲಿ ಇಲ್ಲವೇ ಇಲ್ಲ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಕೇಳಿ ಬೇಜಾರಾಗಬಹುದು. ಮೈಕ್ ತೆಗೆದರೆ ಸಾಕಾಗಲ್ಲ. 2010ರ ತಿದ್ದುಪಡಿಯಲ್ಲಿ ಮೈಕ್ ಜೊತೆಗೆ ಸಂಗೀತ ವಾದ್ಯ, ಸದ್ದು ಮಾಡುವ ಸಾಧನ ಎಲ್ಲ ಸೇರಿಸಿದ್ದಾರೆ. ಹಾರ್ಮೋನಿಯಂ, ತಬಲಾ, ಚೆಂಡೆ, ತಮಟೆ ಎಲ್ಲವೂ ಅದರೊಳಗೆ. ಕಾಗದದ ಮೇಲೆ ನೋಡಿದರೆ ಇಷ್ಟು ಬಿಗಿ.

ಹಾಗಂತ ನಿಮ್ಮೂರಲ್ಲಿ ಫೋನ್ ಮಾಡಿ ಜೀಪ್ ಕರೆಸಿದವರನ್ನು ಬೈಯಬೇಡಿ. ಈ ಕಾನೂನಿನ ಹಿಂದೆ ಒಂದು ಕಥೆ ಇದೆ. 1998ರ ಜನವರಿಯಲ್ಲಿ 13 ವರ್ಷದ ಹುಡುಗಿಯ ಮೇಲೆ ಅತ್ಯಾಚಾರ ನಡೆದ ಸುದ್ದಿ ಪತ್ರಿಕೆಯಲ್ಲಿ ಬಂತು. ಅವಳು ಕೂಗಿಕೊಂಡರೂ ಪಕ್ಕದಲ್ಲಿ ಮೈಕ್ ಹಾಡು ಎಷ್ಟು ಜೋರಿತ್ತೆಂದರೆ ಯಾರಿಗೂ ಕೇಳಿಸಲಿಲ್ಲ. ಸಂಜೆ ಅವಳು ಬೆಂಕಿ ಹಚ್ಚಿಕೊಂಡು ಸತ್ತಳು. ಅದನ್ನು ಓದಿದ ಒಬ್ಬ ಎಂಜಿನಿಯರ್ ಸುಪ್ರೀಂ ಕೋರ್ಟಿಗೆ ಹೋದರು. 2005ರ ಜುಲೈ 18ರ ತೀರ್ಪು ಹುಟ್ಟಿದ್ದು ಅಲ್ಲಿಂದ. ಮಾತಾಡುವ ಹಕ್ಕು ಇದೆ ಅಂತ ಮೈಕ್ ಹಾಕಿ ಬೇರೆಯವರ ಕಿವಿಗೆ ತುರುಕುವ ಹಕ್ಕು ಯಾರಿಗೂ ಇಲ್ಲ ಅಂತ ಅದರಲ್ಲಿದೆ. ಮೊದಲ ಸಲ ಆ ವಿಷಯ ಓದಿದಾಗ ನಾನು ಅಂಗಡಿಯಲ್ಲಿ ಯೂನಿಟ್‌ಗೆ ಬೆಸುಗೆ ಹಾಕುತ್ತಿದ್ದೆ. ಸುಮ್ನೆ ಎದ್ದು ಶಟರ್ ಎಳೆದು ಮನೆಗೆ ಹೋದೆ.

ಈಗ ದಾರಿ ಏನು? ಕರಾವಳಿಯಲ್ಲಿ ಯಕ್ಷಗಾನದವರಿಗೂ ಇದೇ ಕಷ್ಟ ಬಂತು. ಬೆಳಗಿನವರೆಗೆ ಆಡುತ್ತಿದ್ದ ಎಷ್ಟೋ ಮೇಳಗಳು ಈಗ ಕಾಲಮಿತಿ ಆಟ ಆಡುತ್ತವೆ. ಹಳಬರಿಗೆ ಸಮಾಧಾನ ಇಲ್ಲ, ಆದರೆ ಆಟ ನಿಂತಿಲ್ಲ. ನಿಮ್ಮ ಕಷ್ಟ ನನಗೆ ಗೊತ್ತು. ದನ ಕಟ್ಟಿ, ಹಾಲು ಡೈರಿಗೆ ಹಾಕಿ, ಉಂಡು ಜನ ಬರುವುದೇ ಎಂಟಕ್ಕೆ. ಎರಡು ಗಂಟೆಯಲ್ಲಿ ಕೃಷ್ಣ ಸಂಧಾನವೂ ಮುಗಿಯಲ್ಲ. ಒಂದು ದಿನದ ನಾಟಕವನ್ನು ಎರಡು ದಿನಕ್ಕೆ ಹಂಚಿ. ಶನಿವಾರ ಸಂಧಾನದವರೆಗೆ, ಭಾನುವಾರ ಮಧ್ಯಾಹ್ನ ಮೂರಕ್ಕೇ ಯುದ್ಧ. ಸೀನರಿ ಬಾಡಿಗೆ ಸ್ವಲ್ಪ ಜಾಸ್ತಿ ಆಗುತ್ತದೆ. ಆದರೆ ನಿಮ್ಮ ಹೆಂಗಸರು, ಮಕ್ಕಳು ತೂಕಡಿಸದೆ ಕಡೆಯ ದೃಶ್ಯ ನೋಡುತ್ತಾರೆ. ನಾನು ನೋಡಿದ ಹಾಗೆ ಬೆಳಗಿನ ನಾಲ್ಕು ಗಂಟೆಗೆ ದುರ್ಯೋಧನನ ತೊಡೆ ಮುರಿಯುವಾಗ ಎಚ್ಚರ ಇರುತ್ತಿದ್ದವರು ಭೀಮ, ದುರ್ಯೋಧನ, ಹಾರ್ಮೋನಿಯಂ ಮೇಷ್ಟ್ರು ಮತ್ತು ನಾನು. ಭೀಮನೂ ಅರ್ಧ ನಿದ್ದೆಯಲ್ಲೇ.

ಆ ಹುಟ್ಟುಹಬ್ಬದ ಆರ್ಕೆಸ್ಟ್ರಾ ವಿಷಯ ಬಿಡಬೇಡಿ. ಅದಕ್ಕೆ ಯಾವ ಅನುಮತಿ ಕೊಟ್ಟಿದ್ದರು, ಎಷ್ಟು ಗಂಟೆವರೆಗೆ, ಮಾಹಿತಿ ಹಕ್ಕಿನಲ್ಲಿ ಕೇಳಿ. ಮುಂದಿನ ನಾಟಕದ ಅರ್ಜಿ ಕೊಡುವಾಗ ಆ ಉತ್ತರದ ನಕಲು ಲಗತ್ತಿಸಿ. ಏನೂ ಬರೆಯಬೇಡಿ, ಸುಮ್ನೆ ಪಿನ್ ಮಾಡಿ.

ಪ್ರಶ್ನೆ: ನಮ್ಮ ಕ್ಲಿನಿಕ್ ಸುತ್ತ 100 ಮೀಟರ್ ತಾನಾಗಿಯೇ ನಿಶ್ಶಬ್ದ ವಲಯ ತಾನೇ?
(ವೈದ್ಯರೊಬ್ಬರು, ಹಾಸನ)

ಉತ್ತರ: ಮೊದಲು ಹಾಗಂತ ಎಲ್ಲರೂ ತಿಳಿದಿದ್ದೆವು ಡಾಕ್ಟ್ರೇ. 2017ರ ತಿದ್ದುಪಡಿಯ ನಂತರ ಸರ್ಕಾರ ಘೋಷಿಸಿದರೆ ಮಾತ್ರ ಅದು ನಿಶ್ಶಬ್ದ ವಲಯ. ಘೋಷಣೆ ಆಗಿದ್ದರೆ ಮಿತಿ ಹಗಲು 50, ರಾತ್ರಿ 40. ಬರೀ ಬೋರ್ಡ್ ನೆಟ್ಟರೆ ಆಗಲ್ಲ. ಆಗಿದೆಯೋ ಇಲ್ಲವೋ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ಸಾರ್, ನಾನು ಡಿಜೆ ಸೌಂಡ್ ಇಟ್ಟಿದ್ದೇನೆ. ಸಾಲ ಮಾಡಿ 8 ಬೇಸ್ ಬಾಕ್ಸ್, 4 ಟಾಪ್ ಬಾಕ್ಸ್ ತಗೊಂಡೆ. ಮೆರವಣಿಗೆಯಲ್ಲಿ ಕಮಿಟಿಯವರೇ "ಏರಿಸೋ, ಏರಿಸೋ" ಅಂದರು. ಪೊಲೀಸರು ಬಂದಾಗ ಒಬ್ಬರೂ ಇಲ್ಲ. ಗಾಡಿ ಸಮೇತ ಸೀಜ್ ಆಯಿತು. ಎಲ್ಲರೂ ನಮ್ಮನ್ನೇ ಬೈಯುತ್ತಾರೆ. ನಾವೇನು ಮಾಡಬೇಕು?
(ಓದುಗರೊಬ್ಬರು, ಚಿತ್ರದುರ್ಗ)

ಉತ್ತರ: ನಿನ್ನ ಪತ್ರ ಓದಿ ನನ್ನ ಫ್ಯೂಸ್ ನೆನಪಾಯಿತು ಕಣಪ್ಪಾ. ನಿನ್ನದು ಅದಕ್ಕಿಂತ ದೊಡ್ಡ ಪೆಟ್ಟು.

ಬಾಡಿಗೆ ಚೀಟಿಯಲ್ಲಿ ಇನ್ನು ಮೇಲೆ ಮೂರು ಸಾಲು ಬರೆಸು. ಅನುಮತಿ ಕಮಿಟಿಯ ಹೆಸರಲ್ಲಿ ಇರಬೇಕು, ಅದರ ನಕಲು ಗಾಡಿಯಲ್ಲಿ ಇರಬೇಕು, 9:45ಕ್ಕೆ ಇಳಿಸಿ 10ಕ್ಕೆ ಬಂದ್. ಕೆಳಗೆ ಇಬ್ಬರ ಸಹಿ, ಫೋನ್ ನಂಬರ್. ಅಡ್ವಾನ್ಸ್ ಕೊಡುವಾಗಲೇ ಮಾಡಿಸು, ಆಮೇಲೆ ಯಾರೂ ಸಹಿ ಹಾಕಲ್ಲ. ನಿಮ್ಮ ಜಿಲ್ಲೆಯಲ್ಲಿ ಆ ಹಬ್ಬಕ್ಕೆ ಡಿಜೆ ನಿಷೇಧದ ಆದೇಶ ಇದೆಯಾ ಅಂತಲೂ ಒಪ್ಪಿಕೊಳ್ಳುವ ಮೊದಲು ವಿಚಾರಿಸು. ಇದ್ದರೆ ಎಷ್ಟು ದುಡ್ಡು ಕೊಟ್ಟರೂ ಹೋಗಬೇಡ. ಈ ಶಬ್ದದ ನಿಯಮಗಳು ಬರುವುದು ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗೆ, ಅದರಲ್ಲಿ ಮೊದಲು ಜೈಲು ಇತ್ತು. 2023ರ ಜನ ವಿಶ್ವಾಸ್ ಕಾಯ್ದೆ ಬಂದ ಮೇಲೆ ಅದು ಹೋಗಿ ದಂಡ ಬಂದಿದೆ. 10 ಸಾವಿರದಿಂದ 15 ಲಕ್ಷದವರೆಗೆ. ನಿನ್ನ ಸಾಲ ಎಷ್ಟು ಅಂತ ನನಗೆ ಗೊತ್ತಿಲ್ಲ, ಈ ಅಂಕಿ ಅದರ ಪಕ್ಕ ಬರೆದು ನೋಡು.

ಏರಿಸೋ ಏರಿಸೋ ಅನ್ನುವವರಿಗೆ ಒಂದು ಗುಟ್ಟು. ಪವರ್ ಎರಡರಷ್ಟು ಮಾಡಿದರೆ ಸಿಗುವುದು 3 ಡೆಸಿಬಲ್. ಕುಣಿಯುತ್ತಿರುವವನಿಗೆ ಅದು ಗೊತ್ತೂ ಆಗಲ್ಲ. ಸದ್ದು ಎರಡರಷ್ಟಾಯಿತು ಅಂತ ಕಿವಿಗೆ ಅನ್ನಿಸಬೇಕಾದರೆ 10 ಡೆಸಿಬಲ್, ಅಂದರೆ ಪವರ್ ಹತ್ತರಷ್ಟು ಬೇಕು. ಹಾಗಾಗಿ ನೀನು ಅರ್ಧ ಪವರ್ ಇಳಿಸಿದರೂ ಅವರಿಗೆ ತಿಳಿಯಲ್ಲ. ಜನರೇಟರ್ ಡೀಸೆಲ್ ಉಳಿಯುತ್ತದೆ, ಸ್ಪೀಕರ್ ಸುಡಲ್ಲ. ನಾಬ್ ಮುಟ್ಟಿ ಏರಿಸಿದ ಹಾಗೆ ಮಾಡಿ "ಆಯ್ತಾ?" ಅಂತ ಕೇಳು. "ಹಾಂ, ಈಗ ಸರಿಯಾಯ್ತು" ಅಂತಾರೆ. ಇದನ್ನು ನಾನು ಎಷ್ಟು ಸಲ ಮಾಡಿದ್ದೇನೋ.

ಕಿವಿ ನೋಡಿಕೊಳ್ಳಪ್ಪಾ. 85 ಡೆಸಿಬಲ್ ಇರುವ ಜಾಗದಲ್ಲಿ ದಿನಕ್ಕೆ 8 ಗಂಟೆ ಮಿತಿ ಅಂತ ಲೆಕ್ಕ. ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧ. 100 ಇದ್ದರೆ 15 ನಿಮಿಷ. ನೀನು ಬೇಸ್ ಬಾಕ್ಸ್ ಪಕ್ಕ ಆರು ಗಂಟೆ ನಿಲ್ಲುತ್ತೀಯ. ಮೆಡಿಕಲ್ ಶಾಪಿನಲ್ಲಿ ಸ್ಪಂಜಿನ ಇಯರ್ ಪ್ಲಗ್ ಸಿಗುತ್ತದೆ, ಹಾಕಿಕೋ. ನಾನು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡೆ. ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಬಟನ್ ಒತ್ತಿ ಅಂದರು. ಬಹಳ ಹೊತ್ತು ಒತ್ತಲೇ ಇಲ್ಲ. ಮೆಷಿನ್ ಶುರುವಾಗಿಲ್ಲ ಅಂದ್ಕೊಂಡು ಕಾಯುತ್ತಿದ್ದೆ.

ಮದುವೆ, ನಾಟಕ, ಸಭೆಗಳಿಗೆ ಎರಡು ದೊಡ್ಡ ಸ್ಟ್ಯಾಕ್ (ಒಂದರ ಮೇಲೊಂದು ಪೇರಿಸಿದ ಬಾಕ್ಸ್) ಬದಲು ಜನರ ಮಧ್ಯೆ ಎಂಟು ಸಣ್ಣ ಸ್ಪೀಕರ್ ಹಂಚಿ ಇಡುವುದನ್ನು ಕಲಿ. ಬಾಕ್ಸ್‌ನಿಂದ ದೂರ ಎರಡರಷ್ಟಾದರೆ ಸದ್ದು 6 ಡೆಸಿಬಲ್ ಇಳಿಯುತ್ತದೆ. ಹಾಗಾಗಿ ಹತ್ತಿರದ ಸಣ್ಣ ಬಾಕ್ಸ್ ಒಳಗಿದ್ದವರಿಗೆ ಸಾಕು, ಬೇಲಿ ದಾಟುವಷ್ಟು ಇರಲ್ಲ. ಈ ಕೆಲಸಕ್ಕೆ ಜನ ಬೇಕಾಗಿದ್ದಾರೆ, ಜೀಪೂ ಬರಲ್ಲ. ನನ್ನ ಹತ್ತಿರ ಹಳೆಯ ಕಾಲಂ ಸ್ಪೀಕರ್ ಎಂಟು ಇವೆ. ಎರಡಕ್ಕೆ ಗ್ರಿಲ್ ಹೋಗಿದೆ, ಉಳಿದವು ಚೆನ್ನಾಗಿವೆ. ಪತ್ರಿಕೆಯ ಆಫೀಸಿನಲ್ಲಿ ನನ್ನ ನಂಬರ್ ತಗೊಂಡು ಬಾ, ತಗೊಂಡು ಹೋಗು. ಬಾಡಿಗೆ ಬೇಡ. ವೈರ್ ಮಾತ್ರ ನೀನೇ ತರಬೇಕು, ನನ್ನದನ್ನೆಲ್ಲ ಇಲಿ ಕಡಿದಿದೆ.